ಸಾಂಸ್ಥಿಕ ಅರ್ಥಶಾಸ್ತ್ರ: ಕಬ್ಬು ಕಡಿದ ಮೇಲೆ ಶುರುವಾಗುವ ಪಾಠ

ಎಂ.ಎ.ಯಲ್ಲಿ ಸಾಂಸ್ಥಿಕ ಅರ್ಥಶಾಸ್ತ್ರದ (ನಿಯಮ, ರೂಢಿ, ಒಪ್ಪಂದಗಳು ಆರ್ಥಿಕ ವ್ಯವಹಾರವನ್ನು ಹೇಗೆ ನಡೆಸುತ್ತವೆ ಎಂದು ನೋಡುವ ಶಾಖೆ) ಪೇಪರ್ ತೆಗೆದುಕೊಂಡವರನ್ನು ಶುರುವಿನಲ್ಲೇ ಒಂದು ಗೊಂದಲ ಕಾಡುತ್ತದೆ. ಸೂಕ್ಷ್ಮ ಅರ್ಥಶಾಸ್ತ್ರದಲ್ಲಾದರೆ ಎರಡು ರೇಖೆ ಎಳೆದು ಸಮತೋಲನ ಬಿಂದು ಗುರುತಿಸಿದರೆ ಅರ್ಧ ಅಂಕ ಬಂದ ಹಾಗೆ. ಇಲ್ಲಿ ಎಳೆಯೋಕೆ ರೇಖೆಯೇ ಇಲ್ಲ. ವೆಬ್ಲೆನ್, ಕಾಮನ್ಸ್, ಕೋಸ್, ವಿಲಿಯಮ್ಸನ್, ನಾರ್ತ್, ಆಸ್ಟ್ರಂ ಅಂತ ಹೆಸರುಗಳ ಸಾಲು, ಒಬ್ಬೊಬ್ಬರಿಗೆ ಒಂದೊಂದು ವ್ಯಾಖ್ಯೆ. ಬಾಯಿಪಾಠ ಮಾಡಿದರೆ ಪಾಸಾಗಬಹುದು. ಪರೀಕ್ಷೆಯ ಮಾರನೇ ದಿನ ತಲೆಯಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾಗಿ ಈ ಟಿಪ್ಪಣಿಯಲ್ಲಿ ಪಠ್ಯಕ್ರಮದ ಕ್ರಮ ಬಿಟ್ಟಿದ್ದೇನೆ. ಕಬ್ಬನ್ನು ಕೈಗೆತ್ತಿಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗೋಣ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆಯವರಿಗೆ ಇದರಲ್ಲಿ ಅರ್ಧ ಮೊದಲೇ ಗೊತ್ತಿರುತ್ತದೆ. ಥಿಯರಿ ಅದಕ್ಕೆ ಹೆಸರು ಕೊಡುತ್ತದೆ ಅಷ್ಟೇ.

ಶುರು ಮಾಡುವ ಮುಂಚೆ ಒಂದು ಮಾತು ನೆನಪಿಟ್ಟುಕೊಳ್ಳಿ. ಬೆಲೆ ಸಿದ್ಧಾಂತ ಹೇಳುವುದು ವ್ಯವಹಾರ ಕುದುರುವ ತನಕದ ಕಥೆ. ಕುದುರಿದ ಮೇಲೆ ಕೊಟ್ಟ ಮಾತು ನಡೆಯುತ್ತದಾ, ನಡೆಯದಿದ್ದರೆ ಯಾರು ಕೇಳುತ್ತಾರೆ, ಕೇಳುವ ಖರ್ಚು ಯಾರ ಮೇಲೆ ಬೀಳುತ್ತದೆ? ಈ ಪೇಪರಿನ ಮುಕ್ಕಾಲು ಪಾಲು ಇದೇ.

ವಿಲಿಯಮ್ಸನ್: ಕಬ್ಬು ಊರಿದ ಮೇಲೆ ದಾರಿ ಒಂದೇ

ನಾಟಿಗೆ ಮುಂಚೆ ರೈತನಿಗೆ ಹಲವು ದಾರಿಗಳಿವೆ. ಗೋವಿನಜೋಳ ಹಾಕಬಹುದು, ಸೋಯಾ ಹಾಕಬಹುದು, ನೀರಿದ್ದರೆ ಅರಿಶಿನ ಹಾಕಬಹುದು. ಕಾರ್ಖಾನೆಯವರು ಅವನ ಹತ್ತಿರ ಬಂದು ಚೆನ್ನಾಗಿಯೇ ಮಾತಾಡುತ್ತಾರೆ. ಕಬ್ಬು ಊರಿದ ಮೇಲೆ ಲೆಕ್ಕ ಬದಲಾಗುತ್ತದೆ. ಹೊಲ ಹತ್ತಿರ ಹತ್ತಿರ ಒಂದು ವರ್ಷ ಅದಕ್ಕೇ ಮೀಸಲು. ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಟ್ಟರೆ ಇನ್ನೂ ಒಂದೆರಡು ವರ್ಷ. ಕಡಿದ ಕಬ್ಬನ್ನು ಗೋದಾಮಿನಲ್ಲಿಟ್ಟು ಒಳ್ಳೆ ರೇಟು ಬರಲಿ ಅಂತ ಕಾಯುವ ಹಾಗಿಲ್ಲ. ಕಡಿದಾಗಿನಿಂದಲೇ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ದೂರದ ಕಾರ್ಖಾನೆಗೆ ಒಯ್ದರೆ ಲಾಭವನ್ನೆಲ್ಲ ಸಾಗಣೆ ಖರ್ಚೇ ತಿಂದುಬಿಡುತ್ತದೆ.

ಆಲಿವರ್ ವಿಲಿಯಮ್ಸನ್ 1985ರ ಪುಸ್ತಕದಲ್ಲಿ ಮೂಲಭೂತ ಪಲ್ಲಟ ಎಂದು ಕರೆದದ್ದು ಇದನ್ನೇ. ಒಪ್ಪಂದಕ್ಕೆ ಮುಂಚೆ ಪೈಪೋಟಿ ಇರುತ್ತದೆ, ಆದ ಮೇಲೆ ಇಬ್ಬರೇ ಉಳಿಯುತ್ತಾರೆ. ಹೂಡಿದ ಬಂಡವಾಳ ಬೇರೆ ಕಡೆ ಬಳಕೆಗೆ ಬಾರದಂತೆ ಒಂದೇ ವ್ಯವಹಾರಕ್ಕೆ ಕಟ್ಟಿಬೀಳುವುದಕ್ಕೆ ಆಸ್ತಿ ನಿರ್ದಿಷ್ಟತೆ ಎಂದು ಹೆಸರು. ಕಬ್ಬಿನಲ್ಲಿ ಇದು ಸ್ಥಳ ಮತ್ತು ಸಮಯ ಎರಡರ ಕಡೆಯಿಂದಲೂ ಬರುತ್ತದೆ. ಕಾರ್ಖಾನೆ ಕೊಡುವ ಕಟಾವಿನ ಸರದಿ ಚೀಟಿ ತಡವಾದರೆ, ಕಬ್ಬು ಕಡಿಯುವ ಗ್ಯಾಂಗಿನವರು ಕೂಲಿ ಬಿಟ್ಟು ಮೇಲೊಂದಿಷ್ಟು ಕೇಳಿದರೆ, ರೈತ ಮಾಡುವುದಾದರೂ ಏನು? ಕೊಡುತ್ತಾನೆ. ಹೀಗೆ ಕತ್ತಿನ ಪಟ್ಟಿ ಹಿಡಿದು ಮತ್ತೆ ಚೌಕಾಸಿಗೆ ಕೂರುವುದೇ ಹೋಲ್ಡ್‌ಅಪ್. ಇದಕ್ಕೆ ಎರಡು ಹಿನ್ನೆಲೆ ಬೇಕು: ಮುಂದಾಗುವುದನ್ನೆಲ್ಲ ಊಹಿಸಿ ಒಪ್ಪಂದದಲ್ಲಿ ಬರೆಯಲು ಯಾರಿಗೂ ಆಗುವುದಿಲ್ಲ, ಸಿಕ್ಕಿದ ಸಂದು ಬಳಸಿಕೊಳ್ಳುವ ಬುದ್ಧಿ ಕೆಲವರಿಗಾದರೂ ಇರುತ್ತದೆ. ಮೊದಲನೆಯದು ಸೀಮಿತ ವಿವೇಚನೆ, ಹರ್ಬರ್ಟ್ ಸೈಮನ್ ಅವರಿಂದ ಬಂದದ್ದು. ಎರಡನೆಯದು ಅವಕಾಶವಾದಿತನ.

ಕಾರ್ಖಾನೆಯೂ ಇದೇ ಬಲೆಯಲ್ಲಿದೆ. ಕೋಟಿಗಟ್ಟಲೆ ಸುರಿದು ಹಾಕಿದ ಯಂತ್ರ ಕಬ್ಬು ಬಿಟ್ಟು ಬೇರೇನನ್ನೂ ನುರಿಸುವುದಿಲ್ಲ. ಹಂಗಾಮಿನಲ್ಲಿ ಕಬ್ಬು ಬರದಿದ್ದರೆ ಬಾಯ್ಲರ್ ತಣ್ಣಗೆ ಕೂರುತ್ತದೆ. ಉತ್ತರ ಬರೆಯುವಾಗ ಈ ಇನ್ನೊಂದು ಬದಿ ಮರೆತರೆ ಅದು ಬರೀ ದೂರಿನ ಪತ್ರ ಆಗುತ್ತದೆ.

ಈಗ ಮಂಡ್ಯದ ಕಡೆ ನೋಡಿ. ಅಲ್ಲಿ ಆಲೆಮನೆಗಳಿವೆ. ಕಾರ್ಖಾನೆ ಸತಾಯಿಸಿದರೆ ಕಬ್ಬನ್ನು ಬೆಲ್ಲಕ್ಕೆ ಹಾಕಬಹುದು. ಬೆಲೆ ಕಡಿಮೆ ಸಿಗಬಹುದು, ಆದರೆ ದುಡ್ಡು ಬೇಗ ಕೈಗೆ ಬರುತ್ತದೆ. ಅಂದರೆ ಬೆಳೆ ಅದೇ ಆದರೂ ಅಲ್ಲಿ ನಿರ್ದಿಷ್ಟತೆ ಕಡಿಮೆ. ಆಸ್ತಿ ನಿರ್ದಿಷ್ಟತೆ ವಸ್ತುವಿನ ಗುಣ ಅಂತ ಗೈಡುಗಳಲ್ಲಿ ಬರೆದಿರುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಸುತ್ತಮುತ್ತ ಬೇರೆ ಏನಿದೆ ಅನ್ನುವುದರ ಮೇಲೆ ಅದು ನಿಂತಿದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಾರ್ಖಾನೆಯೇ ಜಮೀನು ಕೊಂಡು ಕಬ್ಬು ಬೆಳೆಯಬಹುದಲ್ವಾ? ಇದು 1937ರಲ್ಲಿ ರೊನಾಲ್ಡ್ ಕೋಸ್ ಎತ್ತಿದ ಪ್ರಶ್ನೆ: ಯಾವುದನ್ನು ಮಾರುಕಟ್ಟೆಯಿಂದ ಕೊಳ್ಳಬೇಕು, ಯಾವುದನ್ನು ಸಂಸ್ಥೆಯೊಳಗೇ ಮಾಡಿಕೊಳ್ಳಬೇಕು? ಮಾರುಕಟ್ಟೆ ಬಳಸುವುದಕ್ಕೂ ಖರ್ಚಿದೆ, ಒಳಗೇ ಮಾಡುವುದಕ್ಕೂ ಖರ್ಚಿದೆ. ಯಾವುದು ಅಗ್ಗವೋ ಗೆರೆ ಅಲ್ಲಿ ಬೀಳುತ್ತದೆ. ಸಾವಿರಾರು ಎಕರೆಯಲ್ಲಿ ಕೂಲಿಯವರ ಮೇಲೆ ಕಣ್ಣಿಡುವ ಖರ್ಚಿಗಿಂತ ತನ್ನ ಹೊಲ ತಾನೇ ನೋಡಿಕೊಳ್ಳುವ ರೈತನಿಂದ ಕೊಳ್ಳುವುದು ಅಗ್ಗ. ಜೊತೆಗೆ ಕಾನೂನು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಕಂಪನಿಗಳು ಕೃಷಿಭೂಮಿ ಹೊಂದುವುದನ್ನು ತಡೆದಿತ್ತು. 2020ರ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟರು. ನಿಯಮ ಬದಲಾದರೆ ಈ ಗೆರೆ ಸರಿಯುತ್ತದಾ ಅಂತ ನೋಡಲು ಇದೊಂದು ಒಳ್ಳೆ ಸಂದರ್ಭ.

ತೂಕದ ಕಟ್ಟೆಯ ಹತ್ತಿರ ಸ್ವಲ್ಪ ನಿಲ್ಲೋಣ

ಲಾರಿ ಕಾರ್ಖಾನೆ ಗೇಟಿಗೆ ಬಂತು. ವೇಬ್ರಿಡ್ಜ್ ಕಾರ್ಖಾನೆಯದು, ಲ್ಯಾಬ್ ಕಾರ್ಖಾನೆಯದು. ಹೊರಗೆ ತೂಕ ಮಾಡಿಸಿಕೊಂಡು ಬಂದ ರೈತನಿಗೂ ಒಳಗಿನ ಗುಮಾಸ್ತನಿಗೂ ಜಗಳ ಹತ್ತುವುದು ಇಲ್ಲೇ. ಯೋರಮ್ ಬಾರ್ಜೆಲ್ 1982ರಲ್ಲಿ ಬರೆದ ಲೇಖನ ಅಳತೆಯ ವೆಚ್ಚದ ಬಗ್ಗೆಯೇ ಇದೆ. ಅಳೆಯುವುದಕ್ಕೆ ಖರ್ಚಿದೆ. ಅಳೆಯುವವನ ಕೈಲಿ ಅಧಿಕಾರವಿದೆ.

ರಿಕವರಿಯ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ ಇಳುವರಿಯ ವಿಷಯ ಇನ್ನೂ ಸ್ವಾರಸ್ಯ. ಕೇಂದ್ರ ಸರ್ಕಾರ ಗೊತ್ತುಪಡಿಸುವ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ದರ) ಸಕ್ಕರೆ ಇಳುವರಿಗೆ ಕಟ್ಟುಬಿದ್ದಿದೆ. 2024-25ರ ಹಂಗಾಮಿಗೆ ಅದು 10.25% ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು. ಆದರೆ ಲೆಕ್ಕಕ್ಕೆ ಹಿಡಿಯುವುದು ಇಡೀ ಕಾರ್ಖಾನೆಯ ಸರಾಸರಿ ಇಳುವರಿ. ಒಬ್ಬೊಬ್ಬರ ಲಾರಿಯ ಕಬ್ಬನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ದುಬಾರಿ. ಪರಿಣಾಮ ಏನು? ಸಿಹಿ ಜಾಸ್ತಿ ಇರುವ ಕಬ್ಬು ಬೆಳೆದವನಿಗೂ, ತೂಕ ಬರಲಿ ಅಂತ ನೀರು ಕುಡಿಸಿದವನಿಗೂ ಟನ್ನಿಗೆ ಒಂದೇ ದರ. ಸಿಹಿಗಿಂತ ತೂಕ ಬೆಳೆಸುವುದೇ ಜಾಣತನ ಆಗುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆ ಬಗ್ಗೆ ಹೇಳಿದ್ದಕ್ಕೆ ಇದು ಹತ್ತಿರದ ನೆಂಟ. ಪೂರ್ತಿ ಒಂದೇ ಅಲ್ಲ. ಅಲ್ಲಿ ಕೊಳ್ಳುವವನಿಗೆ ಗುಣಮಟ್ಟ ಗೊತ್ತಿಲ್ಲ, ಇಲ್ಲಿ ಗೊತ್ತು ಮಾಡಿಕೊಳ್ಳುವುದು ಯಾರಿಗೂ ಗಿಟ್ಟುವುದಿಲ್ಲ. ಈ ವ್ಯತ್ಯಾಸ ಬರೆದರೆ ಓದುವವರಿಗೆ ನೀವು ಯೋಚನೆ ಮಾಡಿದ್ದೀರಿ ಅಂತ ಗೊತ್ತಾಗುತ್ತದೆ.

ಕೋಸ್ ಪ್ರಮೇಯ: ಎಲ್ಲರೂ ಎಡವುವ ಜಾಗ

1960ರ ಕೋಸ್ ಲೇಖನದಲ್ಲಿ 1879ರ ಲಂಡನ್ನಿನ ಒಂದು ಕೇಸ್ ಬರುತ್ತದೆ. ಮಿಠಾಯಿ ಮಾಡುವವನೊಬ್ಬ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತನ್ನ ಅಡುಗೆಮನೆಯಲ್ಲಿ ಒರಳಲ್ಲಿ ಕುಟ್ಟುತ್ತಿದ್ದ. ಪಕ್ಕದ ವೈದ್ಯ ತನ್ನ ತೋಟದ ಕೊನೆಗೆ, ಸರಿಯಾಗಿ ಆ ಅಡುಗೆಮನೆ ಗೋಡೆಗೆ ತಾಗಿಸಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಆಮೇಲೆ ಸದ್ದಿಗೆ ರೋಗಿಯ ಎದೆಬಡಿತ ಕೇಳುವುದಿಲ್ಲ ಅಂತ ಕೋರ್ಟಿಗೆ ಹೋದ, ಗೆದ್ದ. ಕೋಸ್ ಕೇಳಿದ್ದು ಹೀಗೆ: ತೊಂದರೆ ಕೊಟ್ಟವರು ಯಾರು? ಕುಟ್ಟಿದರೆ ವೈದ್ಯನಿಗೆ ನಷ್ಟ, ನಿಲ್ಲಿಸಿದರೆ ಮಿಠಾಯಿಯವನಿಗೆ ನಷ್ಟ. ಮಾತುಕತೆಗೆ ಖರ್ಚೇ ಇಲ್ಲದಿದ್ದರೆ ಹಕ್ಕು ಯಾರಿಗೆ ಕೊಟ್ಟರೂ ಅವರಿಬ್ಬರೂ ಚೌಕಾಸಿ ಮಾಡಿ, ಯಾರಿಗೆ ಅದರ ಬೆಲೆ ಜಾಸ್ತಿಯೋ ಅವರ ಕಡೆಗೇ ತಂದು ನಿಲ್ಲಿಸುತ್ತಾರೆ.

ಬಹಳ ಮಂದಿ ಇಲ್ಲಿಗೆ ಪೆನ್ನು ಕೆಳಗಿಟ್ಟು, ಸರ್ಕಾರದ ಹಸ್ತಕ್ಷೇಪ ಬೇಡ ಎಂದು ಕೋಸ್ ಹೇಳಿದ್ದಾರೆ ಅಂತ ಮುಗಿಸುತ್ತಾರೆ. ಅದು ಅರ್ಧ ಓದು. ಖರ್ಚಿಲ್ಲದ ಲೋಕ ಎಲ್ಲೂ ಇಲ್ಲ, ಆದ್ದರಿಂದ ಹಕ್ಕು ಯಾರ ಕೈಲಿದೆ ಅನ್ನುವುದು ಮುಖ್ಯವಾಗುತ್ತದೆ ಎಂಬುದೇ ಲೇಖನದ ಉಳಿದ ಭಾಗ. ಖರ್ಚಿಲ್ಲದ ಲೋಕದ ಆ ಮಾತಿಗೆ ಪ್ರಮೇಯ ಅಂತ ಹೆಸರಿಟ್ಟದ್ದು ಕೋಸ್ ಅಲ್ಲ, ಜಾರ್ಜ್ ಸ್ಟಿಗ್ಲರ್. ಸಕ್ಕರೆ ಕಾರ್ಖಾನೆಯ ಕೊಳಕು ನೀರು ಹಳ್ಳಕ್ಕೆ ಬಿದ್ದರೆ ಕೆಳಗಿನ ಊರುಗಳ ನೂರಾರು ಮಂದಿ ಒಟ್ಟಾಗಿ ಚೌಕಾಸಿಗೆ ಕೂರುವುದು ಸಾಧ್ಯವಾ? ವೈದ್ಯ ಮತ್ತು ಮಿಠಾಯಿಯವನು ಇಬ್ಬರೇ ಇದ್ದರು, ಗೋಡೆಯೊಂದೇ ಅಡ್ಡ.

ಕಾಮನ್ಸ್ ಇಲ್ಲದೆ ಎಫ್‌ಆರ್‌ಪಿ ಅರ್ಥವಾಗುವುದಿಲ್ಲ

ಹಳೆಯ ಪಂಥವನ್ನು ಪಾಠದಲ್ಲಿ ಒಂದೇ ಕ್ಲಾಸಿನಲ್ಲಿ ದಾಟಿಸುತ್ತಾರೆ. ವೆಬ್ಲೆನ್ ಸರಿ, 1899ರ ಪುಸ್ತಕ ಮತ್ತು ತೋರಿಕೆಯ ಖರ್ಚು ಎಲ್ಲರಿಗೂ ನೆನಪಿರುತ್ತದೆ. ಜಾನ್ ಆರ್. ಕಾಮನ್ಸ್ ಅವರನ್ನು ಮಾತ್ರ ಸುಮ್ನೆ ಬಿಡಬೇಡಿ. 1934ರ ಪುಸ್ತಕದಲ್ಲಿ ವಹಿವಾಟನ್ನು ಅವರು ಮೂರು ಬಗೆ ಮಾಡುತ್ತಾರೆ: ಸಮಾನರ ನಡುವಿನ ಚೌಕಾಸಿ, ಮೇಲಿನವರು ಕೆಳಗಿನವರಿಗೆ ಕೊಡುವ ಆಜ್ಞೆ, ಮೇಲೊಂದು ಅಧಿಕಾರ ಕೂತು ಮಾಡುವ ಹಂಚಿಕೆ. ಕಬ್ಬಿನ ದರ ನೋಡೋಕೆ ಮೊದಲನೆಯದರಂತೆ ಕಂಡರೂ ನಿಜವಾಗಿ ಮೂರನೆಯದು.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ 15% ಬಡ್ಡಿ. ಹೊಸ ಕಾರ್ಖಾನೆ ಹಳೆಯದರಿಂದ ಕನಿಷ್ಠ 15 ಕಿ.ಮೀ. ದೂರ ಇರಬೇಕೆಂಬ ನಿಯಮವೂ ಆಮೇಲೆ ಸೇರಿತು. ಒಂದು ಕಡೆ ರೈತನಿಗೆ ರಕ್ಷಣೆ, ಇನ್ನೊಂದು ಕಡೆ ಅವನ ಸುತ್ತ ಬೇಲಿ. ಸಿ. ರಂಗರಾಜನ್ ಸಮಿತಿ 2012ರಲ್ಲಿ ಈ ಅಂತರದ ನಿಯಮ ತೆಗೆಯಿರಿ, ಆದಾಯದಲ್ಲಿ ಪಾಲು ಕೊಡುವ ಪದ್ಧತಿ ತನ್ನಿ ಎಂದಿತು. ಯಾವ ಬೆಲೆ ನ್ಯಾಯ ಎಂಬುದು ಮಾರುಕಟ್ಟೆಯಲ್ಲಿ ಅಷ್ಟೇ ಅಲ್ಲ, ಕೋರ್ಟು, ಸಮಿತಿ, ಹೆದ್ದಾರಿ ತಡೆ, ಮಂತ್ರಿಗಳ ಸಭೆಗಳಲ್ಲಿ ತೀರ್ಮಾನವಾಗುತ್ತದೆ. ಕಾಮನ್ಸ್ ಅವರ ಸಮಂಜಸ ಮೌಲ್ಯದ ಚರ್ಚೆ ಪೂರ್ತಿ ಇದರ ಸುತ್ತಲೇ ಇದೆ.

14 ದಿನದ ನಿಯಮ ಇದ್ದೂ ಬಾಕಿ ಯಾಕೆ ಉಳಿಯುತ್ತದೆ? ಡಗ್ಲಸ್ ನಾರ್ತ್ ಇಲ್ಲಿ ಬೇಕಾಗುತ್ತಾರೆ. ಲಿಖಿತ ನಿಯಮ, ಅಲಿಖಿತ ರೂಢಿ, ಜಾರಿ ಮಾಡುವ ಬಗೆ, ಈ ಮೂರೂ ಸೇರಿದರೇ ಅವರ ಪ್ರಕಾರ ಆಟದ ನಿಯಮ ಪೂರ್ತಿಯಾಗುವುದು. ಬಡ್ಡಿ ಕೇಳಿದ ರೈತನ ಕಬ್ಬಿನ ಸರದಿ ಮುಂದಿನ ವರ್ಷ ಹಿಂದೆ ಬೀಳಬಹುದು ಅನ್ನುವ ಭಯ ಯಾವ ಆದೇಶದಲ್ಲೂ ಬರೆದಿಲ್ಲ. ಅದೂ ನಿಯಮವೇ. ನಾರ್ತ್ ಅವರನ್ನು ಓದುವಾಗ ಇಸವಿ ಗಮನಿಸಿ: 1973ರ ಪುಸ್ತಕದಲ್ಲಿ ದಕ್ಷ ವ್ಯವಸ್ಥೆಗಳು ಬೆಳವಣಿಗೆ ತರುತ್ತವೆ ಎಂಬ ಭರವಸೆಯಿದೆ, 1990ರ ಹೊತ್ತಿಗೆ ಕೆಟ್ಟ ವ್ಯವಸ್ಥೆಗಳು ಯಾಕೆ ಇಷ್ಟು ಕಾಲ ಬಾಳುತ್ತವೆ ಎಂಬ ಪ್ರಶ್ನೆಗೆ ಬಂದಿದ್ದಾರೆ.

ಸಹಕಾರಿ ಮಾಡಿದರೆ ಮುಗಿಯಿತಾ?

ರೈತರೇ ಕಾರ್ಖಾನೆಯ ಒಡೆಯರಾದರೆ ಹೋಲ್ಡ್‌ಅಪ್ ಎಲ್ಲಿಂದ ಬರಬೇಕು? ಥಿಯರಿ ಪ್ರಕಾರ ಇದು ಒಳ್ಳೆ ಉತ್ತರ. ಅಭಿಜಿತ್ ಬ್ಯಾನರ್ಜಿ, ದಿಲೀಪ್ ಮುಖರ್ಜಿ, ಕೈವನ್ ಮುನ್ಷಿ, ದೇಬ್‌ರಾಜ್ ರೇ ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ಬಗ್ಗೆ 2001ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಕೆದಕುತ್ತದೆ. ನನ್ನ ಮಟ್ಟಿಗೆ ಇಡೀ ಪೇಪರಿನಲ್ಲಿ ಓದಲೇಬೇಕಾದದ್ದು ಇದು.

ವಾದ ಹೀಗಿದೆ. ಸದಸ್ಯರೆಲ್ಲರಿಗೂ ಒಂದೇ ಕಬ್ಬಿನ ದರ. ದರ ಇಳಿಸಿದರೆ ದೊಡ್ಡ ಹಿಡುವಳಿದಾರನಿಗೂ ನಷ್ಟವೇ. ಆದರೂ ಆಡಳಿತ ಮಂಡಳಿ ಅವನ ಕೈಲಿದ್ದರೆ ಅವನು ದರ ಇಳಿಸಲು ಒಪ್ಪುತ್ತಾನೆ. ಯಾಕೆಂದರೆ ಇಳಿಸಿದ ದರದಿಂದ ಕಾರ್ಖಾನೆಯಲ್ಲಿ ಉಳಿಯುವ ದುಡ್ಡು ಸಣ್ಣ ರೈತರ ಜೇಬಿನಿಂದಲೂ ಬಂದದ್ದು. ಅದನ್ನು ಎಲ್ಲಿಗೆ ತಿರುಗಿಸಬೇಕು ಎಂದು ತೀರ್ಮಾನಿಸುವವನು ಮಾತ್ರ ಅವನು. ಹಾಗಾಗಿ ಸದಸ್ಯರ ಜಮೀನಿನ ಅಸಮಾನತೆ ಕಬ್ಬಿನ ದರಕ್ಕೇ ಕೈ ಹಾಕುತ್ತದೆ. ಒಡೆತನ ಬದಲಾಯಿಸಿದ ಕೂಡಲೇ ಹಿಡಿತ ಬದಲಾಗುವುದಿಲ್ಲ ಎಂಬುದನ್ನು ಇಷ್ಟು ಚೊಕ್ಕಟವಾಗಿ ತೋರಿಸಿದ ಬೇರೆ ಲೇಖನ ನಾನು ನೋಡಿಲ್ಲ.

ಆಸ್ಟ್ರಂ ಅವರ ಪಾಠಕ್ಕೆ ಕಬ್ಬಿನಿಂದ ನೀರಿಗೆ ಬನ್ನಿ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಸಾಮೂಹಿಕ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂದರು. 1990ರಲ್ಲಿ ಎಲಿನಾರ್ ಆಸ್ಟ್ರಂ ಸ್ಪೇನ್, ಸ್ವಿಟ್ಜರ್ಲೆಂಡ್, ಜಪಾನಿನ ಉದಾಹರಣೆ ಕೊಟ್ಟು ಹಾಗೇನಿಲ್ಲ ಎಂದರು. ಸಾಮೂಹಿಕ ಸಂಪತ್ತು ಬಾಳಲು ಏನು ಬೇಕು ಎಂದು ಅವರು ಕೊಟ್ಟ ಎಂಟು ಸೂತ್ರಗಳನ್ನು ಉರು ಹೊಡೆಯುವ ಬದಲು ಕೋಲಾರದ ಕಡೆಯ ಕೆರೆಯೊಂದರ ಮೇಲೆ ಇಟ್ಟು ನೋಡಿ. ಅಚ್ಚುಕಟ್ಟಿನ ಎಲ್ಲೆ, ತೂಬು ತೆರೆಯುವ ನೀರುಗಂಟಿ, ಅವನಿಗೆ ರೈತರೇ ಕೊಡುವ ಧಾನ್ಯ, ನೀರು ಕದ್ದವನಿಗೆ ದಂಡ. ನಾಲ್ಕು ಸೂತ್ರ ಅಲ್ಲೇ ಸಿಕ್ಕಿಬಿಡುತ್ತವೆ. ರಾಬರ್ಟ್ ವೇಡ್ ನಮ್ಮ ಪಕ್ಕದ ಕರ್ನೂಲು ಜಿಲ್ಲೆಯಲ್ಲಿ ಕಂಡದ್ದೂ ಇದಕ್ಕೆ ಪೂರಕ: ಕಾಲುವೆಯ ಕೊನೆಯಲ್ಲಿರುವ, ನೀರಿನ ಕಷ್ಟ ಜಾಸ್ತಿ ಇರುವ ಊರುಗಳಲ್ಲೇ ಸಂಘಟನೆ ಗಟ್ಟಿ. ಬೋರ್‌ವೆಲ್ ಬಂದ ಮೇಲೆ ಕಬ್ಬಿಗೆ ಕೆರೆಯ ಹಂಗಿಲ್ಲ, ಎಲ್ಲೆಯೂ ಕಾಣುವುದಿಲ್ಲ. ಅಂತರ್ಜಲದ ಹತ್ತಿರ ಸೂತ್ರಗಳು ತಡವರಿಸುತ್ತವೆ.

ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರಿಗೆ 2024ರಲ್ಲಿ ನೊಬೆಲ್ ಬಂದದ್ದರಿಂದ ಪ್ರಶ್ನೆ ಬಂದೇ ಬರುತ್ತದೆ. ದೇಶಗಳ ಸಿರಿತನಕ್ಕೆ ಒಳ್ಳೆ ವ್ಯವಸ್ಥೆಗಳೇ ಕಾರಣವಾ ಎಂದು ನೋಡಿದ 2001ರ ಲೇಖನದಲ್ಲಿ ವಲಸೆ ಬಂದ ಯುರೋಪಿಯನ್ನರ ಸಾವಿನ ಪ್ರಮಾಣವನ್ನು ಸಾಧನ ಚರಾಂಶವಾಗಿ (ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲು ಬಳಸುವ ಹೊರಗಿನ ಅಂಶ) ಯಾಕೆ ಬಳಸಿದರು ಅನ್ನುವುದನ್ನು ಬಿಡಿಸಿ ಬರೆಯಿರಿ. ಆ ಅಂಕಿಅಂಶಗಳ ಮೇಲೆ ಡೇವಿಡ್ ಆಲ್ಬೂಯ್ 2012ರಲ್ಲಿ ಎತ್ತಿದ ತಕರಾರನ್ನೂ ಸೇರಿಸಿ. ಭಾರತದ ಉದಾಹರಣೆ ಬೇಕಾದರೆ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಅವರ 2005ರ ಲೇಖನ ಸಾಕು: ಜಮೀನ್ದಾರಿ ಇದ್ದ ಜಿಲ್ಲೆಗಳಿಗಿಂತ ಇಲ್ಲದ ಜಿಲ್ಲೆಗಳು ಸ್ವಾತಂತ್ರ್ಯದ ನಂತರವೂ ಕೃಷಿ ಹೂಡಿಕೆ, ಇಳುವರಿಯಲ್ಲಿ ಮುಂದಿದ್ದವು. ಅದರಲ್ಲಿರುವುದು ಬ್ರಿಟಿಷರ ನೇರ ಆಳ್ವಿಕೆಯ ಜಿಲ್ಲೆಗಳು ಮಾತ್ರ. ಮೈಸೂರು ಸಂಸ್ಥಾನವನ್ನು ಅದರೊಳಗೆ ಎಳೆದು ತರಬೇಡಿ.

ಡಿಸರ್ಟೇಷನ್‌ಗೆ ವಿಷಯ ಹುಡುಕುತ್ತಿರುವವರಿಗೆ ಒಂದು ಸಲಹೆ. ಒಂದೇ ತಾಲ್ಲೂಕಿನಲ್ಲಿ ಒಂದು ಸಹಕಾರಿ, ಒಂದು ಖಾಸಗಿ ಕಾರ್ಖಾನೆಗೆ ಕಬ್ಬು ಹಾಕುವ ರೈತರನ್ನು ಆರಿಸಿಕೊಳ್ಳಿ. ಬೆಲೆ ಎಷ್ಟು ಸಿಕ್ಕಿತು ಎಂಬುದನ್ನು ಎಲ್ಲರೂ ಕೇಳುತ್ತಾರೆ. ನೀವು ಸರದಿ ಚೀಟಿ ಯಾವತ್ತು ಬಂತು, ಕಡಿದು ಎಷ್ಟು ಗಂಟೆಗೆ ತೂಕ ಆಯಿತು, ಹಣ ಎಷ್ಟನೇ ದಿನ ಖಾತೆಗೆ ಬಿತ್ತು, ಕಟಾವು ಮತ್ತು ಸಾಗಣೆ ಅಂತ ಎಷ್ಟು ಮುರಿದುಕೊಂಡರು ಎಂದು ಕೇಳಿ. ಜಮೀನು ಎಷ್ಟು ಎಕರೆ ಅನ್ನುವ ಕಾಲಂ ಪಕ್ಕದಲ್ಲೇ ಇರಲಿ.