ಯೊರುಬಾ ಗಿಳಿ: ಕೆಂಪು ಗರಿ, ಮೊಟ್ಟೆ, ಮತ್ತು ಲೋಕ ಒಲ್ಲದ ಮಾತು

ಗಿಳಿ ಎಂದೊಡನೆ ನಮಗೆ ಹಸಿರು ಮೈ, ಕೆಂಪು ಕೊಕ್ಕು ಕಣ್ಣ ಮುಂದೆ ಬರುತ್ತವೆ. ಈ ಪಾಠಕ್ಕೆ ಕೂರುವ ಮೊದಲು ಆ ಚಿತ್ರವನ್ನು ಅಳಿಸಿಬಿಡಿ. ನೈಋತ್ಯ ನೈಜೀರಿಯಾ ಮತ್ತು ಅದಕ್ಕೆ ಹೊಂದಿಕೊಂಡ ಬೆನಿನ್‌ನ ಭಾಗಗಳಲ್ಲಿ ನೆಲೆಸಿರುವ ಯೊರುಬಾ ಜನರ ಗಾದೆ, ಪೂಜೆ, ರಾಜಕಾರಣಗಳಲ್ಲಿ ಸುಳಿದಾಡುವುದು ಆಫ್ರಿಕದ ಬೂದು ಗಿಳಿ. ಮೈಯೆಲ್ಲ ಒಲೆಯ ಬೂದಿ ಮೆತ್ತಿದಂತೆ, ಕೊಕ್ಕು ಕಪ್ಪು, ಬಾಲ ಮಾತ್ರ ರಕ್ತಗೆಂಪು. ನಾನು ಮೊದಲ ಸಲ ಓದುವಾಗ ಇದನ್ನು ಗಮನಿಸದೆ ಎಲ್ಲೆಲ್ಲೂ ಹಸಿರು ಗರಿಯನ್ನೇ ಕಲ್ಪಿಸಿಕೊಂಡು ಅರ್ಧದಷ್ಟು ಅರ್ಥವನ್ನು ಕಳೆದುಕೊಂಡಿದ್ದೆ. ಕೆಂಪು ಬಣ್ಣವನ್ನು ಬಿಟ್ಟರೆ ಇಲ್ಲಿ ಕಥೆಯೇ ಇಲ್ಲ.

ಮೊದಲು ಹೆಸರುಗಳು. ಹಕ್ಕಿಗೆ ಯೊರುಬಾದಲ್ಲಿ ಒಡಿಡೆರೆ ಎನ್ನುತ್ತಾರೆ. ಅದರ ಬಾಲದ ಕೆಂಪು ಗರಿಗೆ ಇಕೋಡೆ ಎಂಬ ಬೇರೆಯೇ ಹೆಸರಿದೆ. ಒಂದು ಗರಿಗೆ ಪ್ರತ್ಯೇಕ ಹೆಸರು ಇದೆ ಎಂದರೆ ಆ ಗರಿಗೆ ಹಕ್ಕಿಯಿಂದ ಹೊರಗೂ ಒಂದು ಬಾಳು ಇದೆ ಎಂದು ಊಹಿಸಬಹುದು. ಅದಕ್ಕೆ ಆಮೇಲೆ ಬರೋಣ. ಹಕ್ಕಿಗೆ ಇನ್ನೊಂದು ಹೆಸರೂ ಉಂಟು: ಅಯೇಕೋಟೋ. ಸಂಧಿ ಬಿಡಿಸಿದರೆ ಅದೊಂದು ಇಡೀ ವಾಕ್ಯ. 'ಅಯೇ' ಎಂದರೆ ಲೋಕ, 'ಕೋ' ಎಂದರೆ ಒಲ್ಲದು, 'ಓಟೋ' ಎಂದರೆ ನಿಜ. ಲೋಕ ನಿಜವನ್ನು ಒಲ್ಲದು.

ಹಕ್ಕಿಗೆ ಇಂಥ ಹೆಸರೇಕೆ? ಮನೆಯಲ್ಲಿ ಸಾಕಿದ ಗಿಳಿ ಕೇಳಿಸಿಕೊಂಡದ್ದನ್ನು ಹಾಗೆಯೇ ಹೇಳುತ್ತದೆ. ಯಾರ ಮುಂದೆ ಯಾವುದನ್ನು ಮುಚ್ಚಿಡಬೇಕು ಎಂಬ ಲೌಕಿಕ ಅದಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ ನಾವು 'ಗಿಳಿಪಾಠ' ಎಂದು ಹಗುರವಾಗಿ ಆಡುತ್ತೇವೆ, ಅರ್ಥವಾಗದೆ ಉರು ಹೊಡೆದದ್ದು ಎಂಬ ಭಾವದಲ್ಲಿ. ಯೊರುಬಾ ಹೆಸರು ಅದೇ ಗುಣವನ್ನು ತಿರುಗಿಸಿ ನೋಡುತ್ತದೆ: ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಹೇಳುವವನೇ ಸಾಕ್ಷಿ, ಮತ್ತು ಸಾಕ್ಷಿ ಯಾರಿಗೂ ಬೇಡ. ಈ ಹೆಸರು ಹಳೆಯ ನಿಘಂಟಿನಲ್ಲಿ ಮಲಗಿಲ್ಲ. ನೈಜೀರಿಯಾದ ಪತ್ರಕರ್ತ ಬಿಸಿ ಓನಬಾಂಜೋ ತಮ್ಮ ಅಂಕಣಗಳನ್ನು 'ಅಯೇಕೋಟೋ' ಎಂಬ ಹೆಸರಿನಲ್ಲೇ ಬರೆದರು. ಅವರು 1979ರಲ್ಲಿ ಓಗುನ್ ರಾಜ್ಯದ ಗವರ್ನರ್ ಆದರು, 1983ರ ಕೊನೆಯ ದಿನದ ಸೇನಾ ದಂಗೆಯ ನಂತರ ಜೈಲು ಸೇರಿದರು.

ಈಗ ಗರಿ. ಯೊರುಬಾ ದೇವತೆಗಳನ್ನು ಒರಿಶಾ ಎನ್ನುತ್ತಾರೆ. ಒರಿಶಾಗಳ ದೀಕ್ಷೆ ಪಡೆಯುವವರ ಹಣೆಯ ಮೇಲೆ ಈ ಕೆಂಪು ಗರಿಯನ್ನು ಕಟ್ಟುವುದುಂಟು. ಯೊರುಬಾ ನಂಬಿಕೆಯಲ್ಲಿ ತಲೆ ಎಂದರೆ ಬರೀ ಅಂಗವಲ್ಲ. 'ಓರಿ' ಎಂಬ ಮಾತಿಗೆ ತಲೆ ಎಂದೂ, ಮನುಷ್ಯ ತಾನೇ ಆರಿಸಿಕೊಂಡು ಬಂದ ಹಣೆಬರಹ ಎಂದೂ ಎರಡರ್ಥ. ಅಂಥ ತಲೆಯ ಮೇಲೆ ಗರಿ ನಿಲ್ಲಿಸುವುದು ಅಲಂಕಾರವಲ್ಲ, ಈ ತಲೆಗೆ ಈಗ ಬೇರೆ ಸ್ಥಾನ ಬಂದಿದೆ ಎಂಬ ಘೋಷಣೆ.

ಇದರಲ್ಲಿ ನನಗೆ ಅತ್ಯಂತ ಸೋಜಿಗವಾದದ್ದು ಒಬಾಟಲಾ ಪ್ರಕರಣ. ಮನುಷ್ಯರ ದೇಹವನ್ನು ಮಣ್ಣಿನಿಂದ ತಿದ್ದಿದ ಈ ದೇವತೆ ಪೂರ್ತಿ ಬಿಳಿಯವನು. ಬಟ್ಟೆ ಬಿಳಿ, ಮಣಿ ಬಿಳಿ, ನೈವೇದ್ಯಕ್ಕೂ ಕೆಂಪು ತಾಳೆ ಎಣ್ಣೆ ನಿಷಿದ್ಧ. ಆದರೂ ಗಿಳಿಯ ಕೆಂಪು ಗರಿ ಅವನಿಗೆ ಸಲ್ಲುತ್ತದೆ. ಹೇಗೆ ಎಂಬುದಕ್ಕೆ ಬ್ರೆಜಿಲ್‌ನ ಬಾಹಿಯಾದಲ್ಲಿ ಒಂದು ಕಥೆ ಹೇಳುತ್ತಾರೆ. ಗುಲಾಮರಾಗಿ ಸಾಗಿಸಲ್ಪಟ್ಟ ಯೊರುಬಾ ಜನ ಅಲ್ಲಿ ಕಟ್ಟಿಕೊಂಡ ಕಾಂಡೊಂಬ್ಲೆ ಧರ್ಮದಲ್ಲಿ ಒಬಾಟಲಾನಿಗೆ ಓಶಲಾ ಎಂದೂ ಗರಿಗೆ ಎಕೋಡಿಡೆ ಎಂದೂ ಹೆಸರು. ಓಶಲಾನ ಕಿರೀಟವನ್ನು ಕಾಯುತ್ತಿದ್ದ ಭಕ್ತೆಯೊಬ್ಬಳ ಮೇಲೆ ಉಳಿದ ಹೆಂಗಸರಿಗೆ ಹೊಟ್ಟೆಕಿಚ್ಚು. ಕಿರೀಟವನ್ನು ನೀರಿಗೆಸೆದರು, ಅದು ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು. ಆಮೇಲೆ ಮಾಟದಿಂದ ಅವಳನ್ನು ಪೀಠಕ್ಕೇ ಅಂಟುವಂತೆ ಮಾಡಿದರು. ಓಶಲಾ ಬಂದಾಗ ಬಲವಂತವಾಗಿ ಎದ್ದಳು, ರಕ್ತ ಸುರಿಯಿತು. ನಾಚಿ ಓಡಿದವಳಿಗೆ ಆಸರೆ ಕೊಟ್ಟವಳು ಹೊಳೆಯ ದೇವಿ ಓಶುನ್. ಅವಳು ಆ ರಕ್ತವನ್ನು ಗಿಳಿಯ ಗರಿಗಳಾಗಿಸಿದಳು. ಬಿಳಿಯ ದೇವರು ಒಂದು ಗರಿಯನ್ನೆತ್ತಿ ತಾನೇ ಮುಡಿದುಕೊಂಡ. ಆ ರಕ್ತ ಮುಟ್ಟಿನ ರಕ್ತವೆಂದೇ, ಹೆಣ್ಣಿನ ಶಕ್ತಿಗೆ ದೇವರು ತಲೆಬಾಗಿದ ಕಥೆ ಇದೆಂದೇ ವ್ಯಾಖ್ಯಾನಿಸುತ್ತಾರೆ. ದೀಕ್ಷೆಯ ಹೊತ್ತಿಗೆ ಹಣೆಯ ಮೇಲೆ ಗರಿ ಏಕೆ ನಿಲ್ಲುತ್ತದೆ ಎಂಬುದು ಈ ಕಥೆ ಓದಿದ ಮೇಲೆ ಬೇರೆಯೇ ಆಗಿ ಕಾಣುತ್ತದೆ.

ಮೊಟ್ಟೆಯ ವಿಚಾರ ಪರೀಕ್ಷೆಗೂ ಬರುವಂಥದ್ದು, ನಿಧಾನವಾಗಿ ಓದಿ. ಯೊರುಬಾ ಜನರದೇ ಆದ ಓಯೋ ಸಾಮ್ರಾಜ್ಯದ ದೊರೆಗೆ ಅಲಾಫಿನ್ ಎಂಬ ಬಿರುದು. ಅವನನ್ನು ಅಂಕೆಯಲ್ಲಿಡಲು ಓಯೋ ಮೇಸಿ ಎಂಬ ಏಳು ಮುಖ್ಯಸ್ಥರ ಮಂಡಳಿ, ಅದರ ಮುಂದಾಳು ಬಶೋರುನ್. ದೊರೆಯ ಆಳ್ವಿಕೆ ಸಾಕಾದಾಗ ಅವನಿಗೆ ಗಿಳಿಯ ಮೊಟ್ಟೆಗಳನ್ನು ಕಳುಹಿಸುತ್ತಿದ್ದರು. ಬರಿದಾದ ಸೋರೆಬುರುಡೆಯನ್ನು ಕಳುಹಿಸುತ್ತಿದ್ದರೆಂದೂ ಹೇಳುವುದುಂಟು. ಆರ್ಚಿಬಾಲ್ಡ್ ಡಾಲ್ಜೆಲ್ 1793ರಲ್ಲಿ ಪ್ರಕಟಿಸಿದ, ಓಯೋದ ನೆರೆಯ ರಾಜ್ಯವಾದ ದಹೋಮಿಯ ಚರಿತ್ರೆಯಲ್ಲಿ ಇದರ ವಿವರವಿದೆ. ರಾಜ್ಯಭಾರದಿಂದ ದಣಿದಿದ್ದೀರಿ, ಇನ್ನು ತುಸು ನಿದ್ದೆ ಮಾಡಿ ಎಂದು ನಿಯೋಗ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತದೆ. ದೊರೆ ಧನ್ಯವಾದ ಹೇಳಿ ಒಳಗೆ ಹೋಗಿ ತನ್ನ ಹೆಂಗಸರಿಂದಲೇ ಕತ್ತು ಹಿಚುಕಿಸಿಕೊಳ್ಳುತ್ತಾನೆ. ಸುಮಾರು 1774ರಲ್ಲಿ ಮಾತ್ರ ಒಬ್ಬ ದೊರೆ, ನನಗೆ ನಿದ್ದೆ ಬೇಡ, ಪ್ರಜೆಗಳಿಗಾಗಿ ಎಚ್ಚರವಾಗಿಯೇ ಇರುತ್ತೇನೆ ಎಂದು ಮೊಟ್ಟೆಗಳನ್ನು ಹಿಂದಕ್ಕೆ ಕಳುಹಿಸಿದನಂತೆ. ಇವನೇ ಬಶೋರುನ್ ಗಾಹಾನನ್ನು ಉರುಳಿಸಿದ ಅಲಾಫಿನ್ ಅಬಿಯೋಡುನ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಒಂದು ಎಚ್ಚರಿಕೆ: ಡಾಲ್ಜೆಲ್ ಗುಲಾಮರ ವ್ಯಾಪಾರದಲ್ಲಿದ್ದವನು, ಅದನ್ನು ಸಮರ್ಥಿಸಿದವನು. ಆಫ್ರಿಕದ ಅರಮನೆಗಳ ಕ್ರೌರ್ಯವನ್ನು ಅವನು ಸವಿದು ಬರೆಯುತ್ತಾನೆ ಎಂಬುದನ್ನು ಮರೆಯದೆ ಓದಬೇಕು.

ಮೊಟ್ಟೆಯೇ ಏಕೆ? ಇಲ್ಲಿ ಆರೋಕೋ ಎಂಬ ಪದ್ಧತಿ ತಿಳಿದಿರಬೇಕು. ಬರಹದ ಬದಲು ವಸ್ತುಗಳನ್ನು ಕಳುಹಿಸಿ ಸುದ್ದಿ ಮುಟ್ಟಿಸುವ ಯೊರುಬಾ ಕ್ರಮ ಅದು. ಆರು ಕವಡೆ ಕಳುಹಿಸಿದರೆ ನಿನ್ನ ಕಡೆ ಮನಸ್ಸು ಸೆಳೆದಿದೆ ಎಂದರ್ಥ, ಏಕೆಂದರೆ ಆರು ಎಂಬ ಪದ 'ಎಫಾ', ಸೆಳೆ ಎಂಬ ಕ್ರಿಯಾಪದ 'ಫಾ'. ಇಂಥ ಶ್ಲೇಷೆ ಬಲ್ಲ ಜನರ ನಡುವೆ ಮೊಟ್ಟೆಯೂ ಒಂದು ಪತ್ರ. ಸಂದೇಶ ನಿಜವಾದದ್ದೇ ಎಂಬುದಕ್ಕೆ ಅದು ಗುರುತು ಎನ್ನುತ್ತಾನೆ ಡಾಲ್ಜೆಲ್. ಉಳಿದದ್ದು ನನ್ನ ಊಹೆ: ಬೂದು ಗಿಳಿ ಎತ್ತರದ ಮರದ ಪೊಟರೆಯಲ್ಲಿ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಒಬ್ಬ ಸಿಟ್ಟಿನ ಭರದಲ್ಲಿ ಸಂತೆಯಿಂದ ತಂದು ಕೊಡುವ ವಸ್ತು ಅದಲ್ಲ. ಇನ್ನು ಸಾಯುವಂತೆ ಹೇಳಲು ನಿಜ ನುಡಿಯುವ ಹಕ್ಕಿಯ ಮೊಟ್ಟೆಯನ್ನೇ ಆರಿಸಿದ್ದರಲ್ಲಿ ಕಹಿಯಾದ ಒಂದು ಹೊಂದಿಕೆಯೂ ಇದೆ.

ಗಿಳಿಯ ಜೊತೆ ನಂಟಿರುವ ಊರಿನ ಹೆಸರು ಪರೀಕ್ಷೆಯಲ್ಲಿ ಕೇಳಿದರೆ ನೈಜೀರಿಯಾದ ಓಶುನ್ ರಾಜ್ಯದ ಈವೋ ಎಂದು ಬರೆಯಿರಿ. ಯೊರುಬಾ ಊರುಗಳಿಗೆಲ್ಲ ಓರಿಕಿ ಎಂಬ ಹೊಗಳುನುಡಿ ಇರುತ್ತದೆ, ಈವೋದ ಓರಿಕಿಯಲ್ಲಿ ಗಿಳಿಯೇ ಊರಿನ ಗುರುತು. ದೂರ ಹೊರಟವರಿಗೆ ಹೇಳುವ ಹಾರೈಕೆಯಲ್ಲೂ ಅದು ಬರುತ್ತದೆ: ಮೇವಿಗೆ ಹೋದ ಗಿಳಿ ಹೊಲದಲ್ಲಿ ಸಾಯುವುದಿಲ್ಲ. ಅಂದರೆ ಹೋದವರು ಮನೆಗೆ ಮರಳಿ ಬರುತ್ತಾರೆ.

ಇವತ್ತು ಮೇವಿಗೆ ಹೋದ ಗಿಳಿ ಮರಳುವ ಖಾತರಿಯಿಲ್ಲ. ಕಾಡು ಕಡಿದದ್ದು ಒಂದು ಕಡೆ, ಪಂಜರದ ವ್ಯಾಪಾರ ಇನ್ನೊಂದು ಕಡೆ. 2016ರಲ್ಲಿ ಬೂದು ಗಿಳಿ ಅಳಿವಿನಂಚಿನ ಪಟ್ಟಿ ಸೇರಿತು. ಅದೇ ವರ್ಷ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ, ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸಮಾವೇಶ ಕಾಡಿನಿಂದ ಹಿಡಿದ ಹಕ್ಕಿಗಳ ವಾಣಿಜ್ಯ ಸಾಗಣೆಯನ್ನು ನಿಷೇಧಿಸಲು ನಿರ್ಧರಿಸಿತು. ಗರಿಗೂ ಆ ನಿಯಮ ಅನ್ವಯಿಸುತ್ತದೆ. ಆದರೆ ದೀಕ್ಷೆಗೆ ಗರಿ ಬೇಕೇ ಬೇಕು, ನೈಜೀರಿಯಾದ ಲಾಗೋಸ್‌ನಲ್ಲೂ, ಬಾಹಿಯಾದ ಸಾಲ್ವಡಾರ್‌ನಲ್ಲೂ, ಒರಿಶಾ ಪೂಜೆ ಉಳಿದಿರುವ ಕ್ಯೂಬಾದ ಹವಾನಾದಲ್ಲೂ. ಸಾಕಿದ ಹಕ್ಕಿ ತಾನಾಗಿ ಉದುರಿಸಿದ್ದನ್ನು ಕಾದು ಆಯ್ದುಕೊಳ್ಳಬಹುದು. ಒಂದು ಗಿಳಿಯ ಬಾಲದಲ್ಲಿರುವುದು ಹನ್ನೆರಡು ಗರಿ.