ಕಾಣದ ಹನ್ನೊಂದು ಜಿಬಿ

ಉಡುಪಿಯ ಅಜ್ಜರಕಾಡಿನಲ್ಲಿ ನಮ್ಮಿಂದ ಎರಡು ಮನೆ ಆಚೆಗಿರುವ ನಿವೃತ್ತ ಮಾಸ್ಟ್ರು ಕಳೆದ ಮಳೆಗಾಲದ ಒಂದು ಸಂಜೆ ಕೊಡೆ ಮಡಚುತ್ತ ಬಂದು, ಅಂಗಿಯ ಕಿಸೆಯಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲ ಹೋಯಿತು ಮಾರಾಯ್ರೆ" ಎಂಬುದು ಅವರ ಮೊದಲ ಮಾತು. ಇಪ್ಪತ್ತು ವರ್ಷಗಳಿಂದ ಕೂಡಿಸಿಟ್ಟ ತಾಳಮದ್ದಲೆಯ ಧ್ವನಿಮುದ್ರಣಗಳು, ಮಗಳ ಮದುವೆಯ ಫೋಟೋಗಳು, ಜಾಗದ ದಾಖಲೆಗಳ ಪ್ರತಿಗಳು ಎಲ್ಲವೂ ಅದರಲ್ಲಿದ್ದವು. ಹಿಂದಿನ ದಿನ ಪೇಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಎರಡು ಪುಟ ಪ್ರಿಂಟ್ ತೆಗೆಸಿದ್ದರು. ಮನೆಗೆ ಬಂದು ನೋಡಿದರೆ ಫೋಲ್ಡರುಗಳ ಹೆಸರು ಹಾಗೆಯೇ ಇತ್ತು, ಆದರೆ ಪ್ರತಿಯೊಂದರ ಚಿತ್ರದ ಕೆಳಮೂಲೆಯಲ್ಲಿ ಚಿಕ್ಕದೊಂದು ಬಾಣದ ಗುರುತು ಸೇರಿಕೊಂಡಿತ್ತು.

ನಾನು ಯಾವುದನ್ನೂ ಕ್ಲಿಕ್ ಮಾಡದೆ, ಫೈಲುಗಳ ವಿವರಗಳೆಲ್ಲ ಪಟ್ಟಿಯಾಗಿ ಕಾಣುವಂತೆ ಬದಲಿಸಿಕೊಂಡೆ. 'ತಾಳಮದ್ದಲೆ' ಎಂಬ ಹೆಸರಿನ ಮುಂದೆ ಬಗೆಯ ಅಂಕಣದಲ್ಲಿ ಶಾರ್ಟ್‌ಕಟ್ ಎಂದೂ ಗಾತ್ರದ ಅಂಕಣದಲ್ಲಿ 2 ಕೆಬಿ ಎಂದೂ ಇತ್ತು. ವಿಂಡೋಸಿನ ಈ ಪಟ್ಟಿಯಲ್ಲಿ ನಿಜವಾದ ಫೋಲ್ಡರಿನ ಮುಂದೆ ಗಾತ್ರವನ್ನು ನಮೂದಿಸುವ ಪದ್ಧತಿಯೇ ಇಲ್ಲ, ಆ ಜಾಗ ಖಾಲಿ ಇರುತ್ತದೆ. ಆದ್ದರಿಂದ ಫೋಲ್ಡರಿನ ವೇಷದಲ್ಲಿರುವ ವಸ್ತುವಿಗೆ ತೂಕ ಕಾಣಿಸಿತೆಂದರೆ ಅದು ಫೋಲ್ಡರ್ ಅಲ್ಲ. ಬಳಿಕ ಡ್ರೈವಿನ ಪ್ರಾಪರ್ಟೀಸ್ ತೆರೆದು ನೋಡಿದಾಗ, 32 ಜಿಬಿಯಲ್ಲಿ 11 ಜಿಬಿ ತುಂಬಿದೆ ಎಂದು ಅದು ಹೇಳುತ್ತಿತ್ತು. ಕಣ್ಣಿಗೆ ಕಾಣುವುದೆಲ್ಲ ಸೇರಿ ಹತ್ತು ಹದಿನೈದು ಕೆಬಿ ಮಾತ್ರ. ಮಾಸ್ಟ್ರ ಸಂಗ್ರಹ ಎಲ್ಲಿಗೂ ಹೋಗಿರಲಿಲ್ಲ.

ಮನೆಯ ಕಂಪ್ಯೂಟರಿನ ರಕ್ಷಣೆಯ ಬಗ್ಗೆ ಮಾತು ಬಂದಾಗಲೆಲ್ಲ ಯಾವ ಆಂಟಿವೈರಸ್ ಒಳ್ಳೆಯದು ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಅಡಗಿಕೊಳ್ಳುವ ಜಾಗವನ್ನು ವೈರಸ್ ತಾನಾಗಿ ಕಟ್ಟಿಕೊಳ್ಳಬೇಕಾಗಿಯೇ ಇಲ್ಲ, ಅದನ್ನು ವಿಂಡೋಸ್ ಮೊದಲೇ ಕಟ್ಟಿಕೊಟ್ಟಿದೆ. ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಫೋಲ್ಡರಿಗೂ 32 ಬೈಟುಗಳ ಒಂದು ದಾಖಲೆ ಇರುತ್ತದೆ, ಆ 32ರಲ್ಲಿ ಒಂದು ಬೈಟ್ ಗುಣಲಕ್ಷಣಗಳಿಗೆ ಮೀಸಲು. ಒಂದು ಬೈಟ್ ಎಂದರೆ ಎಂಟು ಬಿಟ್‌ಗಳು, ಪ್ರತಿ ಬಿಟ್ ಹೊತ್ತುವ ಅಥವಾ ಆರುವ ದೀಪವಿದ್ದಂತೆ. ಆ ಬೈಟಿನ ಒಂದು ಬಿಟ್ ಹೊತ್ತಿಕೊಂಡರೆ ಫೈಲ್ 'ಹಿಡನ್' ಆಗುತ್ತದೆ, ಇನ್ನೊಂದು ಹೊತ್ತಿಕೊಂಡರೆ 'ಸಿಸ್ಟಮ್' ಎನಿಸಿಕೊಳ್ಳುತ್ತದೆ. 11 ಜಿಬಿ ಕಣ್ಮರೆಯಾಗಲು ಅದನ್ನು ಅಳಿಸುವುದಾಗಲಿ ಬೇರೆಡೆಗೆ ಒಯ್ಯುವುದಾಗಲಿ ಬೇಕಿಲ್ಲ, ಪ್ರತಿ ಫೋಲ್ಡರಿಗೆ ಎರಡೆರಡು ಬಿಟ್ ಬದಲಾದರೆ ಸಾಕು. ಎರಡೂ ಗುಣ ಒಟ್ಟಿಗೆ ಇದ್ದಾಗ 'ಹಿಡನ್ ಐಟಮ್ಸ್' ತೋರಿಸು ಎಂದು ಗುರುತು ಹಾಕಿದರೂ ಅದು ಕಾಣುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ಸಂರಕ್ಷಿತ ಫೈಲುಗಳನ್ನು ಮರೆಮಾಡು ಎಂಬ ಮತ್ತೊಂದು ಗುರುತನ್ನು ಬೇರೆಯಾಗಿ ತೆಗೆಯಬೇಕು. ಬಳಕೆದಾರನು ಮುಖ್ಯ ಫೈಲುಗಳನ್ನು ಕೈತಪ್ಪಿ ಅಳಿಸದಿರಲಿ ಎಂದು ಮಾಡಿದ ಈ ಏರ್ಪಾಡು ಕೆಡುಕಿನ ಕಾರ್ಯಕ್ರಮಗಳಿಗೆ ಸಿದ್ಧಪಡಿಸಿಟ್ಟ ಅಟ್ಟದಂತೆ ಒದಗಿಬಂದಿದೆ.

ಬಾಣದ ಗುರುತಿನ ಶಾರ್ಟ್‌ಕಟ್ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದನ್ನು ಬಲಗುಂಡಿಯಿಂದ ಒತ್ತಿ ಪ್ರಾಪರ್ಟೀಸ್ ತೆರೆದರೆ 'ಟಾರ್ಗೆಟ್' ಎಂಬಲ್ಲಿ ಅದು ನಿಜವಾಗಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಬರೆದಿರುತ್ತದೆ. ಮಾಸ್ಟ್ರ ಡ್ರೈವಿನಲ್ಲಿ ಅಲ್ಲಿ ಇದ್ದದ್ದು ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ, ವಿಂಡೋಸಿನದೇ ಆದ ಕಮಾಂಡ್ ಪ್ರಾಂಪ್ಟಿನ ಹೆಸರು, ಅದರ ಬೆನ್ನಿಗೆ ಎರಡು ಆಜ್ಞೆಗಳು. ಮೊದಲನೆಯದು ಅದೇ ಡ್ರೈವಿನಲ್ಲಿ ಅಡಗಿರುವ ಒಂದು ಸ್ಕ್ರಿಪ್ಟನ್ನು, ಅಂದರೆ ಆಜ್ಞೆಗಳ ಸರಣಿಯನ್ನು ಬರೆದಿಟ್ಟ ಫೈಲನ್ನು ಓಡಿಸುತ್ತದೆ. ಎರಡನೆಯದು, ಬಚ್ಚಿಟ್ಟ ನಿಜವಾದ ತಾಳಮದ್ದಲೆಯ ಫೋಲ್ಡರನ್ನು ತೆರೆದು ತೋರಿಸುತ್ತದೆ. ಈ ಎರಡನೆಯ ಆಜ್ಞೆಯೇ ಇಡೀ ಹೂಟದ ಜಾಣತನ. ಕ್ಲಿಕ್ ಮಾಡಿದವರಿಗೆ ತಾವು ಬಯಸಿದ್ದು ಸಿಕ್ಕಿಬಿಡುವುದರಿಂದ ಅನುಮಾನವೇ ಹುಟ್ಟುವುದಿಲ್ಲ. ಅಷ್ಟರಲ್ಲಿ ಸ್ಕ್ರಿಪ್ಟ್ ತನ್ನ ಒಂದು ಪ್ರತಿಯನ್ನು ಕಂಪ್ಯೂಟರಿನೊಳಗೆ ಇಟ್ಟು, ಪ್ರತಿ ಬಾರಿ ಯಂತ್ರ ಚಾಲೂ ಆದಾಗ ತಾನೂ ಏಳುವಂತೆ ವಿಂಡೋಸಿನ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿಯಲ್ಲಿ ಬರೆದು, ಮುಂದಿನ ಪೆನ್ ಡ್ರೈವ್ ಯಾವಾಗ ಬರುತ್ತದೆ ಎಂದು ಕಾಯುತ್ತ ಕೂರುತ್ತದೆ. ಶಾಸ್ತ್ರದ ಪ್ರಕಾರ ಇದನ್ನು ವೈರಸ್ ಎನ್ನದೆ ವರ್ಮ್, ಅಂದರೆ ಹುಳು ಎನ್ನಬೇಕು. ಬೇರೆ ಫೈಲಿನೊಳಗೆ ತನ್ನನ್ನು ಹೊಲಿದುಕೊಳ್ಳುವುದು ವೈರಸ್, ಸ್ವತಂತ್ರವಾಗಿ ತನ್ನ ಪ್ರತಿಗಳನ್ನು ಮಾಡುತ್ತ ಹೋಗುವುದು ವರ್ಮ್. ಮಾತಿನಲ್ಲಿ ಎಲ್ಲವೂ ವೈರಸ್ಸೇ, ಅದರಿಂದ ನಷ್ಟವೇನಿಲ್ಲ.

ಅಡಗುವ ವಿದ್ಯೆ ಹೊಸದೂ ಅಲ್ಲ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓದುವ ಭಾಗದಲ್ಲಿ ಕೂರುತ್ತಿತ್ತು. ಯಾರಾದರೂ ಆ ಸೆಕ್ಟರನ್ನು ಓದಲು ಹೋದರೆ ತನ್ನನ್ನು ತೋರಿಸದೆ, ಬೇರೆಡೆ ಎತ್ತಿಟ್ಟ ಮೂಲ ಸೆಕ್ಟರನ್ನು ಮುಂದಿಡುತ್ತಿತ್ತು. ತಮಾಷೆಯೆಂದರೆ ಇಷ್ಟು ಅಡಗುವ ಆ ವೈರಸ್ಸಿನೊಳಗೆ ಸೋದರರು ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಬರೆದಿಟ್ಟಿದ್ದರು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟು ಇಮೇಲಿನಲ್ಲಿ ಜಗತ್ತು ಸುತ್ತಿದ 'ಐ ಲವ್ ಯೂ' ಹುಳು ಎಂಪಿ3 ಹಾಡುಗಳನ್ನು ಅಳಿಸದೆ ಹಿಡನ್ ಮಾಡಿ, ಅವುಗಳ ಹೆಸರಿನಲ್ಲಿ ತನ್ನ ಪ್ರತಿಗಳನ್ನು ಇಡುತ್ತಿತ್ತು. ಮಾಸ್ಟ್ರ ತಾಳಮದ್ದಲೆಗೆ ಆದದ್ದು ಅದೇ. ಆ ಬಳಿಕ ಬಂದದ್ದು ಆಟೋರನ್ನಿನ ಕಾಲ. ಸಿಡಿ ಹಾಕಿದೊಡನೆ ತಾನಾಗಿ ಓಡಲಿ ಎಂದು ವಿಂಡೋಸ್ 95ರಲ್ಲಿ ತಂದ ಸೌಕರ್ಯವನ್ನು ಪೆನ್ ಡ್ರೈವುಗಳಲ್ಲಿ ವೈರಸ್ಸುಗಳು ಬಳಸಿಕೊಂಡವು, 2008ರ ಕಾನ್‌ಫಿಕರ್ ಅವುಗಳಲ್ಲಿ ಒಂದು. ವಿಂಡೋಸ್ 7ರಲ್ಲಿ ಪೆನ್ ಡ್ರೈವುಗಳಿಗೆ ಆ ಸೌಕರ್ಯವನ್ನು ನಿಲ್ಲಿಸಿದ ಮೈಕ್ರೋಸಾಫ್ಟ್, 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ ಅದೇ ಅಪ್‌ಡೇಟ್ ಕಳುಹಿಸಿತು. ತಾನಾಗಿ ಓಡುವ ದಾರಿ ಮುಚ್ಚಿದಾಗ, ಮನುಷ್ಯನ ಬೆರಳಿನಿಂದಲೇ ಓಡಿಸಿಕೊಳ್ಳುವ ಶಾರ್ಟ್‌ಕಟ್ಟಿನ ದಾರಿ ಹೆಚ್ಚು ಬಳಕೆಗೆ ಬಂದಿತು.

ಹೆಸರಿನ ಬಾಲವನ್ನು ಮರೆಮಾಡುವುದು ವಿಂಡೋಸ್ ಮಾಡುವ ಇನ್ನೊಂದು ಅತಿಜಾಣತನ. 'ಬಿಲ್.ಪಿಡಿಎಫ್.ಇಎಕ್ಸ್‌ಇ' ಎಂಬ ಫೈಲಿನ ಕೊನೆಯ ಬಾಲ ಕಾಣದೆ ಅದು 'ಬಿಲ್.ಪಿಡಿಎಫ್' ಎಂದೇ ತೋರುತ್ತದೆ. ಇಎಕ್ಸ್‌ಇ ಎಂದರೆ ಕ್ಲಿಕ್ ಮಾಡಿದೊಡನೆ ಓಡುವ ಕಾರ್ಯಕ್ರಮ. ಆ ಫೈಲು ತನ್ನ ಚಿತ್ರವನ್ನು ತನ್ನೊಳಗೇ ಹೊತ್ತು ತರುವುದರಿಂದ ಪಿಡಿಎಫಿನ ಮುಖವನ್ನೋ ಹಳದಿ ಫೋಲ್ಡರಿನ ಮುಖವನ್ನೋ ಹಚ್ಚಿಕೊಳ್ಳುವುದು ಅದಕ್ಕೆ ಸುಲಭ. ಹತ್ತು ಹದಿನೈದು ವರ್ಷಗಳ ಹಿಂದೆ ಕಂಪ್ಯೂಟರ್ ಬಳಸಿದವರಿಗೆ 'ನ್ಯೂ ಫೋಲ್ಡರ್.ಇಎಕ್ಸ್‌ಇ' ನೆನಪಿರಬಹುದು. ವಿಂಡೋಸ್ 11ರಲ್ಲಿ ಫೋಲ್ಡರಿನ ಮೇಲ್ಗಡೆ 'ವ್ಯೂ', ಅದರೊಳಗೆ 'ಶೋ', ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಬಾಲಗಳು ಕಾಣುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಇದನ್ನು ಒಮ್ಮೆ ಮಾಡಿ ಹಾಗೆಯೇ ಬಿಡುವುದು ಒಳ್ಳೆಯದು. ಆದರೆ ಇದಾದ ಮೇಲೂ ಶಾರ್ಟ್‌ಕಟ್ಟಿನ ಬಾಲವನ್ನು ವಿಂಡೋಸ್ ತೋರಿಸುವುದಿಲ್ಲ. ಅಲ್ಲಿ ಬಾಣದ ಗುರುತು ಮತ್ತು ಬಗೆಯ ಅಂಕಣಗಳೇ ಆಧಾರ.

ಆಂಟಿವೈರಸ್ಸಿನ ಮಾತಿಗೆ ಬಂದರೆ, ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಮೈಕ್ರೋಸಾಫ್ಟಿನದೇ ಆಂಟಿವೈರಸ್ ಜೊತೆಗೇ ಬರುತ್ತದೆ, ಸಾಮಾನ್ಯ ಮನೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಆಫ್ ಮಾಡಿಸುವ, ತಂತ್ರಾಂಶಗಳ ಕಳ್ಳ ಪ್ರತಿಗಳ ಸಹವಾಸ ಮಾತ್ರ ಬೇಡ. ಅನುಸ್ಥಾಪಿಸುವ ಮೊದಲು ಆಂಟಿವೈರಸ್ ನಿಲ್ಲಿಸಿ ಎಂದು ಯಾವ ತಂತ್ರಾಂಶ ಕೇಳುತ್ತದೆಯೋ ಅದು ತನ್ನ ಬಂಡವಾಳವನ್ನು ತಾನೇ ಹೇಳಿಕೊಂಡಂತೆ. ಅಪ್‌ಡೇಟುಗಳನ್ನು ನಾಳೆಗೆ ದೂಡುವ ಅಭ್ಯಾಸದ ಬೆಲೆ 2017ರ ಮೇ 12ರಂದು ಗೊತ್ತಾಯಿತು. ಅಂದು ಫೈಲುಗಳನ್ನು ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಬಳಸಿಕೊಂಡ ಬಿರುಕಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಮಾರ್ಚ್ 14ರಂದು, ಹೆಚ್ಚು ಕಡಿಮೆ ಎರಡು ತಿಂಗಳ ಮೊದಲು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ಝೆರಾಕ್ಸ್ ಅಂಗಡಿಯವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ದಿನವೊಂದಕ್ಕೆ ಎಷ್ಟೋ ಮಂದಿಯ ಪೆನ್ ಡ್ರೈವ್ ಬಂದು ಹೋಗುವ ಯಂತ್ರ, ಮಂಗಳೂರಿನವರಿಗೆ ಮಲೇರಿಯಾದ ದಿನಗಳಲ್ಲಿ ಚೆನ್ನಾಗಿ ಪರಿಚಯವಾದ ಮುಚ್ಚಳವಿಲ್ಲದ ತಾರಸಿ ತೊಟ್ಟಿಯ ಹಾಗೆ. ಸೊಳ್ಳೆ ಅಲ್ಲಿ ಹುಟ್ಟುತ್ತದೆ, ಕಚ್ಚುವುದು ಎಲ್ಲರ ಮನೆಯಲ್ಲಿ. ಪ್ರಿಂಟಿಗೆಂದೇ ಒಂದು ಚಿಕ್ಕ ಪೆನ್ ಡ್ರೈವ್ ಬೇರೆ ಇಟ್ಟುಕೊಂಡು, ಬೇಕಾದ ಪಿಡಿಎಫ್ ಮಾತ್ರ ಅದರಲ್ಲಿ ಹಾಕಿ ಒಯ್ದು, ಮರಳಿದ ಮೇಲೆ ಫಾರ್ಮ್ಯಾಟ್ ಮಾಡಿದರೆ ಈ ಕಥೆಯ ಮುಕ್ಕಾಲು ಭಾಗ ನಡೆಯುವುದೇ ಇಲ್ಲ. ಫೋಟೋ, ದಾಖಲೆಗಳ ಇನ್ನೊಂದು ಪ್ರತಿ ಕಂಪ್ಯೂಟರಿನಿಂದ ಬಿಚ್ಚಿಟ್ಟ ಹಾರ್ಡ್ ಡಿಸ್ಕಿನಲ್ಲಿರಬೇಕು. ಸಿಕ್ಕಿಸಿಯೇ ಇಟ್ಟ ಡಿಸ್ಕಿಗೂ ಬೀಗ ಹಾಕುವುದು ವಾನಾಕ್ರೈ ಜಾತಿಯವಕ್ಕೆ ಕಷ್ಟವಲ್ಲ, ನಮ್ಮ ಕರಾವಳಿಯ ಸಿಡಿಲಿಗಂತೂ ಎರಡನ್ನೂ ಒಟ್ಟಿಗೆ ಸುಡುವುದು ಒಂದು ಕ್ಷಣದ ಕೆಲಸ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಶುದ್ಧೀಕರಣ ಸಾಧನಗಳೂ, ಪೆನ್ ಡ್ರೈವುಗಳ ಬಳಕೆಯನ್ನು ಹತೋಟಿಯಲ್ಲಿಡುವ 'ಯುಎಸ್‌ಬಿ ಪ್ರತಿರೋಧ್' ಎಂಬ ಸಾಧನವೂ ದೊರೆಯುತ್ತವೆ.

ಮಾಸ್ಟ್ರ ಸಂಗ್ರಹವನ್ನು ಹೊರತೆಗೆಯುವ ಮೊದಲು ಅವರ ಕಂಪ್ಯೂಟರನ್ನು ಶುದ್ಧ ಮಾಡಬೇಕಾಗಿತ್ತು, ಇಲ್ಲವಾದರೆ ಡ್ರೈವನ್ನು ಸರಿಮಾಡಿ ಸಿಕ್ಕಿಸಿದ ಮರುಕ್ಷಣವೇ ಬಾಣಗಳು ಮತ್ತೆ ಹುಟ್ಟುತ್ತವೆ. ಡಿಫೆಂಡರಿನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಎಂಬ ಆಯ್ಕೆಯಿದೆ. ಅದು ಯಂತ್ರವನ್ನು ಮರುಚಾಲೂ ಮಾಡಿ, ವಿಂಡೋಸ್ ಏಳುವ ಮೊದಲೇ, ಅಂದರೆ ಹುಳು ಇನ್ನೂ ಮಲಗಿರುವಾಗಲೇ ಹುಡುಕುತ್ತದೆ. ಕಾಲು ಗಂಟೆಯಲ್ಲಿ ಸ್ಕ್ರಿಪ್ಟ್ ಸಿಕ್ಕಿತು. ಬಳಿಕ ಡ್ರೈವಿನಲ್ಲಿದ್ದ ಅದರ ಪ್ರತಿಯನ್ನೂ ಬಾಣದ ಶಾರ್ಟ್‌ಕಟ್ಟುಗಳನ್ನೂ ಅಳಿಸಿದೆವು. ಸಿಸ್ಟಮ್ ಗುಣವೂ ಸೇರಿದ್ದರಿಂದ ಪ್ರಾಪರ್ಟೀಸಿನಲ್ಲಿ ಹಿಡನ್ ಎಂಬುದರ ಗುರುತು ಬೂದು ಬಣ್ಣಕ್ಕೆ ತಿರುಗಿ ಅಲುಗಾಡುತ್ತಿರಲಿಲ್ಲ. ಹಾಗಾಗಿ ಕಮಾಂಡ್ ಪ್ರಾಂಪ್ಟಿನಲ್ಲಿ 'ಅಟ್ರಿಬ್' ಎಂಬ ಡಾಸ್ ಕಾಲದ ಆಜ್ಞೆಗೆ ಮೈನಸ್ ಎಚ್, ಮೈನಸ್ ಎಸ್ ಎಂದು ಸೇರಿಸಿ ಆ ಎರಡು ಬಿಟ್‌ಗಳನ್ನು ಆರಿಸಬೇಕಾಯಿತು. ಎಂಟರ್ ಒತ್ತಿದ ಸ್ವಲ್ಪ ಹೊತ್ತಿನಲ್ಲಿ ಹಳದಿ ಫೋಲ್ಡರುಗಳು ಒಂದೊಂದಾಗಿ ಎದ್ದುಬಂದವು, ಬಾಣಗಳಿಲ್ಲದೆ, ಗಾತ್ರದ ಅಂಕಣ ಖಾಲಿಯಾಗಿ.

ಮರುದಿನ ಬೆಳಿಗ್ಗೆ ಮಾಸ್ಟ್ರ ಫೋನ್ ಬಂತು. ಎಲ್ಲ ಫೋಲ್ಡರುಗಳಲ್ಲಿಯೂ 'ಡೆಸ್ಕ್‌ಟಾಪ್.ಐಎನ್‌ಐ' ಎಂಬುದೊಂದು ಮಸುಕಾಗಿ ಕಾಣುತ್ತಿದೆ, ಇದೆಂತದ್ದು ಮಾರಾಯ್ರೆ, ಅಳಿಸಿಬಿಡಲೇ ಎಂದು ಕೇಳಿದರು. ಅದು ಫೋಲ್ಡರು ಹೇಗೆ ಕಾಣಬೇಕು ಎಂಬುದನ್ನು ವಿಂಡೋಸ್ ಬರೆದಿಟ್ಟುಕೊಳ್ಳುವ ಚೀಟಿ. ಸಂರಕ್ಷಿತ ಫೈಲುಗಳನ್ನು ಮರೆಮಾಡುವ ಗುರುತನ್ನು ನಾನು ಹಿಂದಿನ ಸಂಜೆ ತೆಗೆದು, ಮತ್ತೆ ಹಾಕದೆಯೇ ಬಂದಿದ್ದೆ.