ಪಲ್ಸಾರ್‌ನ ಗಾಮಾ ಕಿರಣ ಹುಟ್ಟುವುದೆಲ್ಲಿ?

1967ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಪತ್ತೆ ಹಚ್ಚಿದ ಮೊದಲ ಪಲ್ಸಾರ್, ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಸಾಂದ್ರ ತಿರುಳು), 1.337 ಸೆಕೆಂಡಿಗೊಮ್ಮೆ ರೇಡಿಯೊದಲ್ಲಿ ಮಿಡಿಯುತ್ತಿತ್ತು. ಮರುವರ್ಷ ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ 30 ಸುತ್ತು ಹಾಕುವ ಇನ್ನೊಂದು ಸಿಕ್ಕಿತು. ಅದರ ಒಂದು ಸುತ್ತಿನ ಅವಧಿ ದಿನಕ್ಕೆ ಸುಮಾರು 36 ನ್ಯಾನೊಸೆಕೆಂಡ್ ಹೆಚ್ಚುತ್ತಿದೆ. ಕೇಳಲು ಅತ್ಯಲ್ಪ. ಆದರೆ ತಿರುಗಾಟ ಹೀಗೆ ನಿಧಾನವಾಗುವಾಗ ಸೋರಿಹೋಗುವ ಶಕ್ತಿ ಸೂರ್ಯನ ಬೆಳಕಿನ ಒಂದು ಲಕ್ಷ ಪಟ್ಟು! ಅದರಲ್ಲಿ ರೇಡಿಯೊ ಅಲೆಗಳ ಪಾಲು ತೀರಾ ನಗಣ್ಯ; ಎಷ್ಟೋ ಪಲ್ಸಾರ್‌ಗಳ ಮಿಡಿತದ ಶಕ್ತಿ ಬಹುಪಾಲು ಹೊರಬರುವುದು ಬೆಳಕಿನ ಅತ್ಯಂತ ಶಕ್ತಿಶಾಲಿ ರೂಪವಾದ ಗಾಮಾ ಕಿರಣವಾಗಿ.

ಸುಮಾರು 20 ಕಿ.ಮೀ. ಅಗಲದ ನ್ಯೂಟ್ರಾನ್ ನಕ್ಷತ್ರವೆಂದರೆ ಗಿರಗಿರನೆ ತಿರುಗುವ ಬಲಾಢ್ಯ ಅಯಸ್ಕಾಂತ, ಅಂದರೆ ಒಂದು ದೈತ್ಯ ಡೈನಮೊ. ಅಲ್ಲಿ ಹುಟ್ಟುವ ವಿದ್ಯುತ್ ಬಲ ಗುರುತ್ವವನ್ನೂ ಮೀರಿ ಮೇಲ್ಮೈಯಿಂದ ಕಣಗಳನ್ನು ಕಿತ್ತೆಳೆಯುತ್ತದೆ ಎಂದು 1969ರಲ್ಲಿ ವಿಜ್ಞಾನಿಗಳಾದ ಗೋಲ್ಡ್‌ರೈಕ್ ಮತ್ತು ಜೂಲಿಯನ್ ತೋರಿಸಿದರು. ಸುತ್ತಲೂ ಪ್ಲಾಸ್ಮಾ (ವಿದ್ಯುದಾವೇಶವಿರುವ ಕಣಗಳ ಅನಿಲ) ತುಂಬಿಕೊಂಡರೆ ಆ ಬಲ ತಣ್ಣಗಾಗುತ್ತದೆ. ಪ್ಲಾಸ್ಮಾ ಸಾಲದೆ ಖಾಲಿ ಉಳಿದ ಕಡೆ ಮಾತ್ರ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅಂಚಿಗೆ ಚಿಮ್ಮಿ, ಬಾಗಿದ ಕಾಂತರೇಖೆಗಳ ಗುಂಟ ಸಾಗುತ್ತ ಗಾಮಾ ಕಿರಣ ಸೂಸುತ್ತವೆ.

ಆ ಖಾಲಿ ಜಾಗ ಎಲ್ಲಿದೆ? ಕಾಂತಧ್ರುವದ ನೆತ್ತಿಯ ಮೇಲೆಯೇ ಎಂದು 1971ರಲ್ಲಿ ಸ್ಟರಾಕ್ ಲೆಕ್ಕ ಹಾಕಿದರು. ಅಲ್ಲ, ಬಹು ದೂರದಲ್ಲಿ ಎಂದು 1986ರಲ್ಲಿ ಚೆಂಗ್, ಹೋ, ರುಡರ್‌ಮನ್ ವಾದಿಸಿದರು. ಕಾಂತರೇಖೆಗಳು ನಕ್ಷತ್ರದ ಜೊತೆಗೇ ಸುತ್ತಬೇಕಲ್ಲ. ದೂರ ಹೋದಷ್ಟೂ ವೇಗ ಹೆಚ್ಚಬೇಕು. ಒಂದು ಹಂತದಲ್ಲಿ ಅದು ಬೆಳಕಿನ ವೇಗವನ್ನೇ ಮುಟ್ಟುತ್ತದೆ. ಏಡಿ ಪಲ್ಸಾರ್‌ಗೆ ಆ ಎಲ್ಲೆ ಸುಮಾರು 1,600 ಕಿ.ಮೀ. ದೂರದಲ್ಲಿದೆ. ಖಾಲಿ ಜಾಗ ಆ ಎಲ್ಲೆಯ ಬಳಿ ಇದೆ ಎಂಬುದು ಅವರ ವಾದ.

ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಿದ ತರ್ಕ ನನಗಂತೂ ಈ ಕಥೆಯಲ್ಲೇ ಅತ್ಯಂತ ಸೊಗಸಾದದ್ದು. ಧ್ರುವದ ಬಳಿ ಕಾಂತಕ್ಷೇತ್ರ ಎಷ್ಟು ಪ್ರಬಲವೆಂದರೆ, ಹೆಚ್ಚು ಶಕ್ತಿಯ ಗಾಮಾ ಫೋಟಾನ್ (ಬೆಳಕಿನ ಕಣ) ಅದನ್ನು ದಾಟಲಾಗದೆ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್‌ಗಳ ಜೋಡಿಯಾಗಿ ಒಡೆದುಹೋಗುತ್ತದೆ. ಕಿರಣ ಹುಟ್ಟುವುದು ಅಲ್ಲೇ ಆಗಿದ್ದರೆ, ಒಂದು ಮಿತಿಯಾಚೆ ಅದು ಕತ್ತರಿಸಿದಂತೆ ನಿಂತುಬಿಡಬೇಕು. 2008ರಲ್ಲಿ ಹಾರಿದ ಫೆರ್ಮಿ ಬಾಹ್ಯಾಕಾಶ ದೂರದರ್ಶಕ ವೇಲಾ ಪಲ್ಸಾರ್‌ನತ್ತ ನೋಡಿತು. ವೇಲಾ ಎಷ್ಟೋ ಸುತ್ತು ಹಾಕಿದರೆ ದೂರದರ್ಶಕಕ್ಕೆ ಸಿಗುವುದು ಒಂದು ಫೋಟಾನ್. ಹಾಗೆ ಒಂದೊಂದಾಗಿ ಕೂಡಿಟ್ಟು ನೋಡಿದಾಗ ಕಿರಣ ಹಠಾತ್ತನೆ ನಿಲ್ಲದೆ, ಮೆಲ್ಲಗೆ ಇಳಿಯುತ್ತಿತ್ತು. ಧ್ರುವದ ಸಿದ್ಧಾಂತ ಅಲ್ಲಿಗೆ ಬಿತ್ತು.

ಅದೇ ವರ್ಷ ಮ್ಯಾಜಿಕ್ ದೂರದರ್ಶಕ ಏಡಿ ಪಲ್ಸಾರ್‌ನ ಮಿಡಿತವನ್ನು 25 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ (ಕಣದ ಶಕ್ತಿಯ ಅಳತೆ) ಮೇಲೆ ಕಂಡಿತು. 2011ರಲ್ಲಿ ವೆರಿಟಾಸ್ ದೂರದರ್ಶಕಗಳು 100ರಾಚೆಗೂ. ಈಗಿನ ಕಂಪ್ಯೂಟರ್ ಮಾದರಿಗಳು ಹುಟ್ಟುತಾಣವನ್ನು ಇನ್ನೂ ಹೊರಕ್ಕೆ ತಳ್ಳಿವೆ: ಬೆಳಕಿನ ವೇಗದ ಎಲ್ಲೆಯ ಆಚೆ, ವಿರುದ್ಧ ದಿಕ್ಕಿನ ಕಾಂತಕ್ಷೇತ್ರಗಳ ನಡುವಿನ ತೆಳುವಾದ ವಿದ್ಯುತ್ ಹಾಳೆಗೆ. ಅಲ್ಲಿ ಕಾಂತರೇಖೆಗಳು ತುಂಡಾಗಿ ಮತ್ತೆ ಬೆಸೆಯುವಾಗ ಕಣಗಳಿಗೆ ಶಕ್ತಿ ಸಿಗುತ್ತದೆ. 2023ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಅದೇ ವೇಲಾದಿಂದ 20 ಟೆರಾ (ಅಂದರೆ 20,000 ಗಿಗಾ) ಎಲೆಕ್ಟ್ರಾನ್‌ವೋಲ್ಟ್‌ನ ಮಿಡಿತ ಹಿಡಿದವು. ಅಷ್ಟು ಶಕ್ತಿಯನ್ನು ಎಲೆಕ್ಟ್ರಾನ್‌ಗಳಿಗೆ ತುಂಬುವುದು ಈ ಹಾಳೆಯೇ ಅಥವಾ ಬೇರೆ ಜಾಗವೇ ಎಂಬ ಚರ್ಚೆ ಈಗ ನಡೆದಿದೆ.